ಮಾತೆಯ ಗೂಡಿನ ಬಳಿ ನಿಲ್ಲದ ಗಾಡಿ

ಅತ್ತಿಗೆ ಬಾಸಿಲಿಯಾ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಾಗ ನಿಕಾನೋರ್ ತನ್ನ ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಅವನಿಗೆ ಮೊದಲು ಕಂಡದ್ದು ಅವಳ ಪಾದಗಳು. ಯಾವಾಗಲೂ ಸೀದಾ ಅಡುಗೆಮನೆಗೆ ನುಗ್ಗುವ ಆ ಪಾದಗಳು ಇವತ್ತು ಅಂಗಳದ ನಡುವೆ ಜೋಡಿಯಾಗಿ ನಿಂತುಬಿಟ್ಟಿದ್ದವು. ನಿಂತ ರೀತಿ ಸರಿ ಕಾಣದೆ ಅವನು ಸ್ಪ್ಯಾನರ್ ಕೆಳಗಿಟ್ಟು ಹೊರಗೆ ತೆವಳಿ ಬಂದ.

ಬುಟ್ಟಿಗೆ ಹೊದಿಸಿದ್ದು ಹಬ್ಬಕ್ಕಷ್ಟೇ ಪೆಟ್ಟಿಗೆಯಿಂದ ಹೊರಬರುವ ಕಸೂತಿ ಬಟ್ಟೆ. ಅದರ ಅಂಚಿನಿಂದ ಗುಂಡು ಬನ್ನುಗಳೂ ಕಾಗದ ಸುತ್ತಿದ ಚಾಕೊಲೇಟ್ ಬಿಲ್ಲೆಗಳೂ ಇಣುಕುತ್ತಿದ್ದವು. ಚುವಾಬಾಹ್ ಊರಿನಲ್ಲಿ ಬನ್ನು ಚಾಕೊಲೇಟು ಹೀಗೆ ಬಟ್ಟೆ ಹೊದ್ದು ಮನೆಯಿಂದ ಮನೆಗೆ ಹೋಗುವುದು ಹೆಣ್ಣು ಕೇಳಲು, ಇಲ್ಲವೇ ಕ್ಷಮೆ ಕೇಳಲು. ನಿಕಾನೋರನ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರಲಿಲ್ಲ.

"ಒಳಗೆ ಬನ್ನಿ ಅತ್ತಿಗೆ. ಬಿಸಿಲಲ್ಲಿ ಯಾಕೆ ನಿಂತ್ರಿ?"

"ಒಳಗೆ ಬರೋದು ಆಮೇಲೆ. ಮೊದ್ಲು ನಿಂತು ಹೇಳೋದು ಹೇಳ್ಬೇಕು. ಅವ್ರು ತಾವೇ ಬರ್ತೀನಿ ಅಂತ ಹಟ ಹಿಡಿದ್ರು. ಆ ಕೈಯಲ್ಲಿ ಬುಟ್ಟಿ ಹಿಡೀತೀರಾ, ಬುಟ್ಟಿ ಕೈಲಿ ಆ ಕೈ ಹಿಡಿಸ್ತೀರಾ ಅಂತ ನಾನೇ ಹೊರಟೆ."

ನಗೆಯಾಡಿದರೂ ಅವಳ ಮುಖದಲ್ಲಿ ನಗು ಇರಲಿಲ್ಲ. ಬುಟ್ಟಿಯನ್ನು ತಲೆಯಿಂದಿಳಿಸಿ ಎದೆಗೆ ಹಿಡಿದು, ಊರಿನ ಹಿರಿಯರು ಹೇಳುವ ಹಾಗೆಯೇ, ಸಾಲಿಗೆ ಸಾಲು ಜೋಡಿಸಿ ಹೇಳಿದಳು:

"ನಮ್ಮ ಕೈ ತಪ್ಪಿತು, ನಮ್ಮ ಕಣ್ಣು ತಪ್ಪಿತು. ನಿಮ್ಮ ಬಾಗಿಲಿಗೆ ಬಂದಿದ್ದೇವೆ, ನಿಮ್ಮ ಒಲೆಯ ಮುಂದೆ ಬಂದಿದ್ದೇವೆ. ಇದನ್ನು ಬಾಯಿಗೆ ಹಾಕಿಕೊಳ್ಳಿ, ಅದನ್ನು ಬಾಯಿಂದ ಬಿಟ್ಟುಬಿಡಿ."

ಬನ್ನು ಮುರಿದು ಒಂದು ತುತ್ತು ತಿಂದರೆ ಮುಗಿಯಿತು. ಆ ಮಾತನ್ನು ಇನ್ನು ಎರಡೂ ಮನೆಯವರು ಎತ್ತುವ ಹಾಗಿಲ್ಲ, ಸಾಯುವ ತನಕ ಇಲ್ಲ. ನಿಕಾನೋರ್ ಗ್ರೀಸ್ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಬುಟ್ಟಿಗೆ ಕೈಯೊಡ್ಡಿದ. ಬಾಸಿಲಿಯಾ ಸೆರಗಿನಂಥ ತನ್ನ ಹೊದಿಕೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ನೀವು ತಗೊಂಡ್ರಲ್ಲ, ಅವ್ರು ಇವತ್ತಾದ್ರೂ ನಿದ್ದೆ ಮಾಡ್ತಾರೆ" ಎಂದು ಹೊರಟುಹೋದಳು.

ಅವಳು ಹೋದ ಮೇಲೂ ಅವನು ಬುಟ್ಟಿ ಹಿಡಿದು ಗಾಡಿಯ ಪಕ್ಕದಲ್ಲೇ ನಿಂತಿದ್ದ. ಗಾಡಿಯ ಬಲ ಮಗ್ಗುಲು ಮುಂದಿನಿಂದ ಹಿಂದಿನವರೆಗೂ ಕೆರೆದು ಒಳಗೆ ಹೋಗಿತ್ತು. ಹಿಂದೆ ನಿಂತು ಹೋಗುವವರು ಹಿಡಿದುಕೊಳ್ಳಲು ಬೆಸುಗೆ ಹಾಕಿಸಿದ್ದ ಕಬ್ಬಿಣದ ಚೌಕಟ್ಟು ಒಂದು ಮೂಲೆಯಲ್ಲಿ ಮುರಿದ ಕೊಂಬಿನ ಹಾಗೆ ಬಗ್ಗಿತ್ತು. ಅಣ್ಣ ತೊರಿಬಿಯೊನ ಬಲಗೈ ಸಿಕ್ಕಿಕೊಂಡಿದ್ದು ಆ ಮೂಲೆಯಲ್ಲಿ.

ತೊರಿಬಿಯೊ ಕಲ್ಲುಕುಟಿಗ. ಚುವಾಬಾಹ್‌ನ ಗುಡ್ಡದ ಕಪ್ಪುಕಲ್ಲನ್ನು ಕಟೆದು ಮೂರು ಕಾಲಿನ ಅರೆಯುವ ಕಲ್ಲು ಮಾಡುವವರಲ್ಲಿ ಅವನ ಕೈಯೇ ಕೈ. ಗಿರಣಿ ಬಂದು ಎಷ್ಟು ವರ್ಷವಾದರೂ ರೊಟ್ಟಿಯ ಹಿಟ್ಟಿಗೆ ಕಡೆಯ ಅರೆತ ಕಲ್ಲಿನ ಮೇಲೇ ಆಗಬೇಕು ಎನ್ನುವ ಹೆಂಗಸರು ಕೆಳಗಿನ ಪೇಟೆಯಲ್ಲಿ ಇನ್ನೂ ಇದ್ದಾರೆ. ಸಂತೆಯ ದಿನ ಆ ಕಲ್ಲುಗಳನ್ನು ಇಳಿಸುವುದು ತಮ್ಮನ ಪಿಕಪ್ಪು. ಊರಿನವರು ಇಳಿಯುವುದೂ ಅದರಲ್ಲೇ.

ಕಲ್ಲಿನ ಹೊರೆಗೆ ಒಂದು ಮೋಸವಿದೆ. ಎಲೆಕೋಸು ತುಂಬಿದರೆ ಗಾಡಿ ತಲೆಗಿಂತ ಎತ್ತರಕ್ಕೆ ತುಂಬಿ ನಿಲ್ಲುತ್ತದೆ, ನೋಡಿದವರು ತಾವಾಗಿ ಹಿಂದೆ ಸರಿಯುತ್ತಾರೆ. ಕಲ್ಲು ಹಾಗಲ್ಲ. ಪೈನ್ ಎಲೆಯ ಹಾಸಿನ ಮೇಲೆ ಮೂವತ್ತು ಕಲ್ಲು ಒತ್ತಾಗಿ ಜೋಡಿಸಿದರೂ ಪಕ್ಕದ ತಗಡಿನ ಅರ್ಧಕ್ಕೂ ಬರುವುದಿಲ್ಲ. ಗಾಡಿ ಹೊರಲಾರದಷ್ಟು ಹೊತ್ತಿದ್ದರೂ ಕಣ್ಣಿಗೆ ಖಾಲಿ. ಜನ ಅದರ ಮೇಲೆ ಹತ್ತಿ ನಿಲ್ಲುತ್ತಾರೆ, ಕೋಳಿ ಹತ್ತುತ್ತದೆ, ಈರುಳ್ಳಿಯ ಮೂಟೆ ಹತ್ತುತ್ತದೆ. ಖಾಲಿ ಜಾಗ ಇಟ್ಟುಕೊಂಡು ಜಾಗವಿಲ್ಲ ಎಂದರೆ ಊರಿನಲ್ಲಿ ಮುಖವೆತ್ತಿ ತಿರುಗುವಂತಿಲ್ಲ.

ಆ ದಿನ ಅವನು ಅಣ್ಣನಿಗೆ ಸ್ಪಷ್ಟವಾಗಿಯೇ ಹೇಳಿದ್ದ. "ಮೂವತ್ತು ಅಣ್ಣ. ಅದಕ್ಕಿಂತ ಜಾಸ್ತಿ ಬೇಡ. ಜನ ಬೇರೆ ಇದ್ದಾರೆ."

"ಮೂವತ್ತೇ ಕಣೋ. ನಿನ್ನ ಗಾಡಿ ಬಸುರಿ ಹೆಂಗಸು, ನನ್ಗೆ ಗೊತ್ತಿಲ್ವಾ?"

ನಿಕಾನೋರ್ ತಿಂಡಿಗೆ ಒಳಗೆ ಹೋದ. ಹುರುಳಿಯನ್ನು ರೊಟ್ಟಿಯಲ್ಲಿ ಎತ್ತುತ್ತ ಕಿಟಕಿಯಿಂದ ನೋಡಿದರೆ, ಮೂವತ್ತು ಮುಗಿದ ಮೇಲೂ ತೊರಿಬಿಯೊ ಇನ್ನೊಂದು ಕಲ್ಲನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಂದು ಗಾಡಿಯೊಳಗೆ ಇಳಿಸುತ್ತಿದ್ದ. ಮತ್ತೊಂದು. ಇನ್ನೂ ಒಂದು. ಹಿಂದಿನ ಚಕ್ರದ ಮೇಲಿನ ಕಮಾನ್ ಪಟ್ಟಿ ಭಾರಕ್ಕೆ ತನ್ನ ಬಾಗು ಬಿಟ್ಟು ನೆಟ್ಟಗಾಗುವುದು ಅವನಿಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಎದ್ದು ಹೋಗಿ ಇಳಿಸಬಹುದಾಗಿತ್ತು. ಆದರೆ ಹೊರಗೆ ಜನ ಸೇರಿದ್ದರು. ತಮ್ಮ ಆಲೆಲೂಯ ಕೂಗುವವರ ಗುಂಪು ಸೇರಿದ ಮೇಲೆ ಅಣ್ಣನ ಕಲ್ಲು ಭಾರವಾಯಿತು ಎಂದು ತೊರಿಬಿಯೊ ಹಿಂದಿನ ವಾರ ತಾನೇ ಎಲ್ಲರ ಮುಂದೆ ಅಂದಿದ್ದ. ನಿಕಾನೋರ್ ಇನ್ನೊಂದು ರೊಟ್ಟಿ ತೆಗೆದುಕೊಂಡ. ನೋಡಿಲ್ಲ ಎಂದುಕೊಂಡರೆ ನೋಡದ ಹಾಗೇ ಆಗುತ್ತದೆ ಎಂದು ಆ ರೊಟ್ಟಿ ಮುಗಿಯುವಷ್ಟು ಹೊತ್ತು ನಂಬಿದ. ನಂಬಿಕೆಯ ತಳದಲ್ಲಿ ಒಂದು ಸಣ್ಣ ಖುಷಿಯೂ ಇತ್ತು: ಈಗ ತಪ್ಪು ಅಣ್ಣನ ಕಡೆ ಇದೆ.

ಎರಡು ವರ್ಷದ ಹಿಂದೆ ಅವನು ಕುಡಿತ ಬಿಟ್ಟು ಪಾಸ್ಟರ್ ಅಬ್ನೆರ್ ಅವರ ಪ್ರಾರ್ಥನಾ ಮಂದಿರ ಸೇರಿದ್ದ. ಅಲ್ಲಿ ಕೂತು ಕೇಳುವುದು ಅವನಿಗೆ ಹಿತವಾಗಿತ್ತು; ಯಾರೋ ವಚನ ಓದಿದರೆ ಅದು ದಿನವಿಡೀ ಎಂಜಿನ್ನಿನ ಸದ್ದಿನ ಅಡಿಯಲ್ಲಿ ಓಡುತ್ತಿರುತ್ತಿತ್ತು. ಆದರೆ ವಿಗ್ರಹಕ್ಕೆ ಕೈಮುಗಿಯದ ಆ ಮಂದಿರದವನಿಗೆ ಊರಿನ ಇಳಿಜಾರಿನಲ್ಲಿ ಒಂದು ತೊಡಕಿತ್ತು. ಅರ್ಧ ದಾರಿಯಲ್ಲಿ, ಬಂಡೆ ಕೊರೆದ ನೀಲಿ ಬಣ್ಣದ ಗೂಡಿನಲ್ಲಿ, ಡ್ರೈವರುಗಳನ್ನು ಕಾಯುವ ಕಾರ್ಮೆನ್ ಮಾತೆ ಇದ್ದಾಳೆ. ಇಳಿಯುವ ಪ್ರತಿ ಗಾಡಿಯೂ ಅಲ್ಲಿ ನಿಲ್ಲಬೇಕು. ಡ್ರೈವರು ಮೇಣದಬತ್ತಿ ಹಚ್ಚುತ್ತಾನೆ, ಜನ ಇಳಿದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ದೋನ್ಯಾ ಮಿಕಾಯೆಲಾ ಮೆಕ್ಕೆಜೋಳದ ಬಿಸಿ ಗಂಜಿ ಮಾರುತ್ತಾಳೆ. ಬತ್ತಿ ಬೆರಳುದ್ದ ಉರಿಯುವ ತನಕ ಯಾರೂ ಹತ್ತುವುದಿಲ್ಲ.

ಸತ್ತುಹೋದ ಅಪ್ಪ ಕ್ರಿಸಾಂತೊ ಊರಿಗೆ ಮೊದಲ ಪಿಕಪ್ ತಂದವನು. ನಿಕಾನೋರನಿಗೆ ಗಾಡಿ ಕಲಿಸುವಾಗ ಆ ಗೂಡಿನ ಎದುರು ಅವನನ್ನು ಕೆಳಗಿಳಿಸಿ, ಹಿಂದಿನ ಚಕ್ರದ ಹತ್ತಿರ ಅಂಗೈ ಹಿಡಿಸಿದ್ದ. ಒಲೆಯ ಮುಂದೆ ಹಿಡಿದ ಹಾಗೆ ಕಾವು ಬಡಿದಿತ್ತು.

"ಬತ್ತಿ ಮಾತೆಗೆ. ಹೊತ್ತು ಈ ಬ್ರೇಕ್ ಡ್ರಮ್ಮಿಗೆ, ಆರೋಕೆ. ಇಷ್ಟು ಕಾದ ಬ್ರೇಕು ಮುಂದಿನ ತಿರುವಿಗೆ ಕಚ್ಚಲ್ಲ. ಜನಕ್ಕೆ ಹೇಳ್ಬೇಡ, ಹೆದರ್ಕೊಂಡು ಹತ್ತೋದೇ ಇಲ್ಲ. ನೀನು ಮಾತ್ರ ಮರೀಬೇಡ."

ಅವನು ಮರೆತಿರಲಿಲ್ಲ. ಮತ ಬದಲಾದ ಮೇಲೂ ಅಲ್ಲಿ ನಿಲ್ಲಿಸುತ್ತಿದ್ದ. ಜನ ಇಳಿದು ಕೈಮುಗಿಯುವಾಗ ತಾನು ಒಳಗೇ ಕೂತಿದ್ದು, ಬತ್ತಿ ಇಳಿಯುವುದನ್ನು ಕಾಯುತ್ತಿದ್ದ. ಅದು ಅಣ್ಣನಿಗೆ ತಮಾಷೆಯ ಬುತ್ತಿಯಾಯಿತು.

ಆ ದಿನ ಇಳಿಜಾರು ಶುರುವಾದ ಮೇಲೆ ತೊರಿಬಿಯೊ, ಹಿಂದೆ ಚೌಕಟ್ಟಿನ ಮುಂದಿನ ಮೂಲೆ ಹಿಡಿದು ನಿಂತವನು, ಡ್ರೈವರನ ಕಿಟಕಿಗೆ ಬಗ್ಗಿದ.

"ಲೋ ಸಹೋದರಾ, ಇವತ್ತು ಮಾತೆ ಹತ್ರ ನೀನೂ ಇಳೀಬೇಕು. ಎಷ್ಟು ದಿನ ಅಂತ ಸಾಲಗಾರನ ಮನೆ ಮುಂದೆ ಕೂತ ಹಾಗೆ ಬಾಗ್ಲು ಹಾಕ್ಕೊಂಡು ಕೂತಿರ್ತೀಯ?"

"ಸುಮ್ನಿರಣ್ಣ. ದಾರಿ ನೋಡ್ತಿದ್ದೀನಿ."

"ಇಲ್ಲ, ಒಂದು ಹೇಳು. ಅವಳು ಬರೀ ಸುಣ್ಣದ ಬೊಂಬೆ ಅಂತ ನಿಮ್ಮೋರು ಹೇಳಲ್ವಾ? ಹಾಗಿದ್ರೆ ನಿಲ್ಲಿಸದೆ ಹೋಗು. ನಿಲ್ಲಿಸ್ತೀಯ ಅಂದ್ರೆ ನಿನ್ಗೂ ಅವಳ ಭಯ ಇದೆ ಅಂತ."

ಹಿಂದಿನಿಂದ ಮುದುಕ ದೋನ್ ಚೆಪೆಯ ದನಿ ಕೇಳಿಸಿತು. "ನಿಲ್ಲಿಸ್ತಾನೆ ಬಿಡಪ್ಪ. ಮಾತೆಯ ಭಯ ಇಲ್ದಿದ್ರೂ ಮಿಕಾಯೆಲಾ ಗಂಜಿಯ ಭಕ್ತಿ ಇದೆ."

ಗಾಡಿಯ ತುಂಬ ನಗು. ಅಷ್ಟರಲ್ಲೇ ನಿಕಾನೋರನ ಮೂಗಿಗೆ ಬ್ರೇಕು ಕಾದ, ಸುಟ್ಟ ಕೂದಲಿನಂಥ ವಾಸನೆ ಬಡಿದಿತ್ತು. ಪೆಡಲ್ ಎಂದಿಗಿಂತ ಒಳಗೆ ಹೋಗುತ್ತಿತ್ತು, ಎರಡನೆಯ ಗೇರಿನಲ್ಲೂ ಗಾಡಿ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಒತ್ತುತ್ತಿತ್ತು. ತಿರುವು ದಾಟಿದೊಡನೆ ನೀಲಿ ಗೂಡು ಕಂಡಿತು. ಮಿಕಾಯೆಲಾ ಸೌಟು ಎತ್ತಿ ಪಾತ್ರೆಯ ಮುಚ್ಚಳ ತೆಗೆದಳು. ಅವನ ಕಾಲಿಗೆ ನಿಲ್ಲಿಸಬೇಕೆಂದು ಗೊತ್ತಿತ್ತು, ಮೂಗಿಗೆ ಗೊತ್ತಿತ್ತು. ಕಿವಿಯಲ್ಲಿ ಮಾತ್ರ ನಗು ಇತ್ತು. ಅವನು ಹಾರನ್ ಒತ್ತಿದ, ಉದ್ದಕ್ಕೆ, ಊರಿಗೆಲ್ಲ ಕೇಳುವ ಹಾಗೆ, ಮತ್ತು ಗೂಡನ್ನು ದಾಟಿ ಹೋದ.

ಹಿಂದೆ ನಗು ನಿಂತಿತು. ಯಾರೋ ಓಡುವ ಗಾಡಿಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ತೊರಿಬಿಯೊ ಗಾಡಿಯ ನೆತ್ತಿಯ ಮೇಲೆ ಅಂಗೈಯಿಂದ ತಟ್ಟಿದ, ಮೊದಲು ತಮಾಷೆಗೆ, ಆಮೇಲೆ ತಮಾಷೆಗಲ್ಲದೆ. ಎರಡು ತಿರುವು ಹೇಗೋ ಕಳೆದವು. ಮೂರನೆಯದರಲ್ಲಿ ಪೆಡಲ್ ನಾದಿದ ಹಿಟ್ಟಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ತಳ ಮುಟ್ಟಿತು. ಕೈಬ್ರೇಕ್ ಎಳೆದ, ಅದು ಕಿರುಚಿತು, ಹಿಡಿಯಲಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ ಕೊಯ್ದ ಗೋಡೆ. ಅವನು ಗೋಡೆಯನ್ನು ಆರಿಸಿಕೊಂಡ. ಗಾಡಿ ಉದ್ದಕ್ಕೂ ಮಣ್ಣು ಕೆರೆಯುತ್ತ ಹೋಗಿ ಓರೆಯಾಗಿ ನಿಂತಿತು. ಆದರೆ ಗಾಡಿ ನಿಂತರೂ ಒಳಗಿನ ಕಲ್ಲುಗಳು ನಿಲ್ಲಲಿಲ್ಲ. ಒಟ್ಟಾಗಿ, ಒಂದೇ ಮೈ ಇರುವ ಪ್ರಾಣಿಯ ಹಾಗೆ, ಮುಂದಕ್ಕೆ ಜಾರಿದವು.

ಯಾರೂ ಸಾಯಲಿಲ್ಲ. ದೋನ್ ಚೆಪೆಯ ಪಕ್ಕೆಲುಬು ಮುರಿಯಿತು, ಕೆಲವರಿಗೆ ತರಚು ಗಾಯ. ಕೋಳಿಗಳೂ ಬದುಕಿದವು. ತೊರಿಬಿಯೊನ ಬಲಗೈಯನ್ನು ಕಲ್ಲಿಗೂ ಕಬ್ಬಿಣಕ್ಕೂ ನಡುವಿನಿಂದ ಬಿಡಿಸಲು ನಾಲ್ಕು ಜನ ಬೇಕಾದರು. ಅವನು ತಾನೇ ಕಟೆದ ಕಲ್ಲು ಅದು.

ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಇನ್ನು ಮಡಚುವುದಿಲ್ಲ ಎಂದರು. ಸುತ್ತಿಗೆ ಹಿಡಿಯುವ ಕೈ. ಮಾರನೆಯ ದಿನ ಮಧ್ಯಾಹ್ನ ನಿಕಾನೋರ್ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಾಗ, ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ನಾಲಿಗೆಯ ತುದಿಯಲ್ಲಿದ್ದಾಗ, ತೊರಿಬಿಯೊನೇ ಎಡಗೈಯಿಂದ ಅವನ ಕೈ ಹಿಡಿದು, ಅಳುತ್ತ, ಮೊದಲು ಬಾಯಿ ತೆರೆದ.

"ತಮ್ಮಾ, ನಿನ್ಗೆ ಒಂದು ಮೋಸ ಮಾಡ್ದೆ ಕಣೋ."

"ಏನಣ್ಣ?"

"ನೀನು ತಿಂಡಿಗೆ ಹೋದಾಗ ಎಂಟು ಕಲ್ಲು ಜಾಸ್ತಿ ಹಾಕ್ದೆ. ಮೂವತ್ತು ಅಂದಿದ್ದೆ ನೀನು. ಪೇಟೇಲಿ ಕಲ್ಲು ಕೊಳ್ಳೋಳು ಜಾಸ್ತಿ ಬೇಕು ಅಂತ ಒತ್ತಾಯ ಮಾಡಿದ್ಲು, ಆಸೆ ಆಯ್ತು. ನನ್ನ ಆಸೆಯಿಂದ ನಿನ್ನ ಗಾಡಿ ಹೋಯ್ತು, ಆ ಮುದುಕನ ಎಲುಬು ಹೋಯ್ತು. ಈ ಕೈ ಹೋಗಿದ್ದು ಸರಿಯಾಗೇ ಇದೆ."

ಆಗ ಹೇಳಬೇಕಿತ್ತು. ನಾನು ನೋಡಿದ್ದೆ ಅಣ್ಣ, ಎಂದು. ನಿಲ್ಲಿಸಿದ್ದರೆ ಆ ಎಂಟು ಕಲ್ಲಿದ್ದರೂ ಇಳಿಯುತ್ತಿದ್ದೆವು, ಎಂದು. ನಿಕಾನೋರನ ಎದೆಯಲ್ಲಿ ಮಾತಿನ ಬದಲು ಏನೋ ಸಡಿಲವಾಯಿತು, ಭಾರದ ಮೂಟೆಯನ್ನು ಬೇರೆಯವರು ತಾವಾಗಿ ಬಂದು ಹೆಗಲಿಗೆ ತೆಗೆದುಕೊಂಡ ಹಾಗೆ. ಆ ಹಗುರವನ್ನು ಅವನು ಆಮೇಲೆ ಎಂದೂ ತನಗೆ ಕ್ಷಮಿಸಿಕೊಳ್ಳಲಿಲ್ಲ.

"ಮಲಗಣ್ಣ," ಎಂದ. "ಅದೆಲ್ಲ ಈಗ ಬೇಡ."

ಊರಿನಲ್ಲಿ ಆಗಲೇ ಕಥೆಗಳು ಹುಟ್ಟಿದ್ದವು. ನಿಲ್ಲದೆ ಹೋದವನಿಗೆ ಮಾತೆ ಬುದ್ಧಿ ಕಲಿಸಿದಳು ಎಂದು ಒಂದು ಕೇರಿ. ಕಣಿವೆಗೆ ಬೀಳಬೇಕಿದ್ದ ಗಾಡಿಯನ್ನು ಕರ್ತನು ಗೋಡೆಗೆ ಒರಗಿಸಿದನು ಎಂದು ಪ್ರಾರ್ಥನಾ ಮಂದಿರ. ನನ್ನ ದುರಾಸೆ ಎಂದು ತೊರಿಬಿಯೊ, ಕೇಳಿದವರಿಗೂ ಕೇಳದವರಿಗೂ. ಯಾವ ಕಥೆಯಲ್ಲೂ ವಾಸನೆ ಬಂದದ್ದಿರಲಿಲ್ಲ, ಪೆಡಲ್ ಒಳಗೆ ಹೋದದ್ದಿರಲಿಲ್ಲ. ಯಾವುದನ್ನು ಬೇಕಾದರೂ ಹೊದ್ದು ಮಲಗಬಹುದಿತ್ತು. ಅವನು ಎಲ್ಲವನ್ನೂ ಹೊದ್ದು ನೋಡಿದ. ಚಳಿ ಹೋಗಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಅಬ್ನೆರ್ ಅವನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು.

"ಸಹೋದರರೇ, ಮುಂದಿನ ವಾರ ನೀವು ಎದ್ದು ಸಾಕ್ಷಿ ಹೇಳ್ಬೇಕು ಅಂತ ಎಲ್ಲರ ಆಸೆ. ಅಷ್ಟು ಜೀವ ಉಳೀತಲ್ಲ."

"ನಾನು ಅಲ್ಲಿ ನಿಲ್ಲಿಸ್ಬೇಕಿತ್ತು ಪಾಸ್ಟರ್."

ಪಾಸ್ಟರ್ ಅವನ ಮುಖ ನೋಡಿದರು. "ನಿಲ್ಲಿಸ್ಬೇಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲ."

"ಮತ್ತೆ ಯಾರು ಹೇಳಿದ್ದು?"

ನಿಕಾನೋರ್ ಟೊಪ್ಪಿಯ ಅಂಚು ತಿರುಗಿಸುತ್ತ ನಿಂತ. ಯಾರೂ ಹೇಳಿರಲಿಲ್ಲ. ಪಾಸ್ಟರ್ ಮತ್ತೆ ಸಾಕ್ಷಿಯ ಮಾತೆತ್ತಲಿಲ್ಲ. ಭುಜದ ಮೇಲೆ ಕೈಯಿಟ್ಟು, "ನನ್ನ ಹತ್ರ ಹೇಳೋದಲ್ಲ ಅನ್ಸುತ್ತೆ ಅದು" ಎಂದಷ್ಟೇ ಅಂದರು.

ಇಷ್ಟೆಲ್ಲ ಆಗಿ, ಈಗ ಈ ಬುಟ್ಟಿ.

ಅವನ ಹೆಂಡತಿ ಎಉಲಾಲಿಯಾ ಬುಟ್ಟಿಯನ್ನು ಕಂಡು ಏನೂ ಕೇಳದೆ ಒಲೆಗೆ ನೀರಿಟ್ಟಳು. ನೀರಿಗೆ ಹಾಕಲು ಒಂದು ಚಾಕೊಲೇಟ್ ಬಿಲ್ಲೆಯ ಕಾಗದ ಬಿಚ್ಚಿದಳು. ಅವಳು ಒಂದು ಬನ್ನು ಎತ್ತಿ ಎರಡು ಹೆಬ್ಬೆರಳುಗಳ ನಡುವೆ ಹಿಡಿದಳು.

"ಮುರೀಬೇಡ," ಎಂದ ನಿಕಾನೋರ್.

"ಯಾಕೆ? ಅಣ್ಣನ ಮೇಲೆ ಇನ್ನೂ ಸಿಟ್ಟಾ? ಅವ್ರ ಕೈ ನೋಡಿದ್ರೆ ಶತ್ರುಗೂ ಕರುಳು ಚುರ್ ಅನ್ನುತ್ತೆ."

"ಸಿಟ್ಟಲ್ಲ."

"ಮತ್ತೆ?"

"ಕ್ಷಮೆ ಕೇಳಬೇಕಾದ ಮನೆ ಅದಲ್ಲ, ಇದು."

ಅವಳು ಬನ್ನನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟಳು. ಒಂದು ತಿಂಗಳಿಂದ ಗಂಡ ಮಗ್ಗುಲು ಬದಲಿಸುವುದನ್ನು ಕೇಳುತ್ತ ಮಲಗಿದವಳು, ಹೆಚ್ಚು ಕೇಳಲಿಲ್ಲ. ಬಿಚ್ಚಿದ ಕಾಗದವನ್ನು ಬಿಲ್ಲೆಗೆ ಮತ್ತೆ ಸುತ್ತಿ, ಕಸೂತಿ ಬಟ್ಟೆಯ ನೆರಿಗೆ ಸರಿಮಾಡಿ, ಬುಟ್ಟಿಯನ್ನು ಅವನ ಕೈಗಿತ್ತಳು. "ಹಾಗಾದ್ರೆ ಹೋಗು. ಬೀದೀಲಿ ಮುಚ್ಕೊಂಡು ಹೋಗ್ಬೇಡ, ಕದ್ದ ಹಾಗೆ ಕಾಣುತ್ತೆ."

ಮುರಿಯದ ಬನ್ನು ಬೀದಿಯಲ್ಲಿ ಹಿಂದಕ್ಕೆ ಹೋಗುವುದು ಊರಿನಲ್ಲಿ ಸಣ್ಣ ಸಂಗತಿಯಲ್ಲ. ಬಾಗಿಲುಗಳಲ್ಲಿ ಮಾತು ನಿಂತಿತು. ಎದೆಗೆ ಪಟ್ಟಿ ಸುತ್ತಿಸಿಕೊಂಡು ಜಗಲಿಯಲ್ಲಿ ಕೂತಿದ್ದ ದೋನ್ ಚೆಪೆ ಬಾಯಿಂದ ಸಿಗಾರು ತೆಗೆದ.

"ಏನಪ್ಪಾ, ಅಣ್ಣನ ಬನ್ನು ಗಟ್ಟಿಯಾಗಿತ್ತಾ?"

"ಇಲ್ಲ ದೋನ್ ಚೆಪೆ."

"ನನ್ನನ್ನ ನಗಿಸ್ಬೇಡ, ಎಲುಬು ನೋಯುತ್ತೆ. ಆದ್ರೂ ಒಂದು ಮಾತು: ಒಡಹುಟ್ಟಿದೋನು ಕಣೋ ಅವ್ನು. ಹಿಂದಕ್ಕೆ ಕೊಡ್ಬೇಡ."

"ನಿಮ್ಮ ಹತ್ರಾನೂ ಬರ್ಬೇಕು ನಾನು. ಬರ್ತೀನಿ," ಎಂದ ನಿಕಾನೋರ್. ಮುದುಕನಿಗೆ ಅರ್ಥವಾಗಲಿಲ್ಲ.

ತೊರಿಬಿಯೊನ ಅಂಗಳದಲ್ಲಿ ಅರ್ಧ ಕಟೆದ ಕಲ್ಲುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಕಾಲು ಮೂಡಿದ್ದು ಬೆನ್ನು ಮೂಡದ್ದು, ಬೆನ್ನು ಮೂಡಿದ್ದು ಕಾಲಿಲ್ಲದ್ದು. ಅವುಗಳ ನಡುವೆ ಮಣೆಯ ಮೇಲೆ ಕೂತು, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅವನು ಎಡಗೈಯಿಂದ ಒಂದು ಕಲ್ಲಿನ ಧೂಳು ಸವರುತ್ತಿದ್ದ. ತಲೆಯೆತ್ತಿ ಬುಟ್ಟಿಯನ್ನು ಕಂಡ.

"ಕಡಿಮೆ ಆಯ್ತಾ?" ಎಂದು ಎದ್ದು ನಿಂತ. "ಹೇಳು. ನಾನೇ ಬರ್ಬೇಕಿತ್ತು, ಇವಳನ್ನ ಕಳಿಸಿದ್ದು ತಪ್ಪು. ಮೊಣಕಾಲೂರಬೇಕಾ, ಇಲ್ಲೇ ಊರ್ತೀನಿ." ಅವನು ನಿಜವಾಗಿಯೂ ಬಗ್ಗತೊಡಗಿದ, ನೆಲಕ್ಕೆ ಊರಲು ಬಲಗೈ ಚಾಚಿ, ನೋವಿಗೆ ಹಿಂದಕ್ಕೆಳೆದುಕೊಂಡ.

ನಿಕಾನೋರ್ ಬುಟ್ಟಿ ಕೆಳಗೆ ಹಾಕಿ ಅವನನ್ನು ತೋಳಿನಲ್ಲಿ ಹಿಡಿದ. "ಕೂತ್ಕೊ ಅಣ್ಣ. ದಯವಿಟ್ಟು ಕೂತ್ಕೊ. ನೀನು ಎಂಟು ಕಲ್ಲು ಹಾಕಿದ್ದು ನಾನು ನೋಡಿದ್ದೆ."

"ಏನು?"

"ಕಿಟಕಿಯಿಂದ. ಒಂದೊಂದೂ ನೋಡಿದೆ. ಕಮಾನ್ ಪಟ್ಟಿ ನೆಟ್ಟಗಾಗಿದ್ದೂ ನೋಡಿದೆ. ಬಾಯಿ ಬಿಡ್ಲಿಲ್ಲ."

ತೊರಿಬಿಯೊ ಮೆಲ್ಲಗೆ ಮಣೆಯ ಮೇಲೆ ಕೂತ. ನಿಕಾನೋರ್ ನಿಂತೇ ಹೇಳಿದ, ಕಣ್ಣನ್ನು ಅಣ್ಣನ ಕೈಯ ಬಟ್ಟೆಯ ಮೇಲಿಟ್ಟು. ವಾಸನೆ ಬಂದದ್ದು. ಪೆಡಲ್ ಒಳಗೆ ಹೋದದ್ದು. ಅಪ್ಪ ಚಕ್ರದ ಬಳಿ ಅಂಗೈ ಹಿಡಿಸಿದ್ದು, ಆ ಗೂಡಿನ ಬಳಿ ಗಾಡಿ ಯಾಕೆ ನಿಲ್ಲಬೇಕೆಂದು ಕಲಿಸಿದ್ದು.

"ಮಾತೆಗೆ ಹೆದರದೆ ದಾಟಿ ಹೋದೆ ಅಂತ ಊರು ಅಂದುಕೊಂಡಿದೆ. ಹಾಗಲ್ಲ. ಬ್ರೇಕು ಕಾದಿದೆ ಅಂತ ಗೊತ್ತಿದ್ದೇ ದಾಟಿದೆ. ನೀವೆಲ್ಲ ನಕ್ಕಿದ್ದು ನನ್ಗೆ ಸಹಿಸೋಕಾಗ್ಲಿಲ್ಲ."

"ವಾಸನೆ ಬಂದಿದ್ದು ಯಾವಾಗ? ಮಾತೆ ದಾಟಿದ ಮೇಲಾ?"

"ಮೊದ್ಲೇ."

"ನಾನು ಕಿಟಕಿಗೆ ಬಗ್ಗಿ ಮಾತಾಡ್ತಿದ್ದಾಗ?"

"ಹೂಂ."

ತೊರಿಬಿಯೊ ಎಡಗೈಯಿಂದ ಕಲ್ಲಿನ ಧೂಳನ್ನು ಮತ್ತೆ ಸವರಿದ. ಅಡುಗೆಮನೆಯ ಬಾಗಿಲಲ್ಲಿ ಬಾಸಿಲಿಯಾ ಬಂದು ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ.

"ಆಸ್ಪತ್ರೇಲಿ ನಾನು ಅತ್ನಲ್ಲ," ಎಂದ ಕಡೆಗೆ. ದನಿ ಸಣ್ಣಗಿತ್ತು. "ಮೋಸ ಮಾಡ್ದೆ ಅಂತ ನಿನ್ನ ಕೈ ಹಿಡ್ಕೊಂಡು ಅತ್ನಲ್ಲ. ಆಗ ನಿನ್ನ ಬಾಯಲ್ಲಿ ಏನಿತ್ತು?"

ನಿಕಾನೋರ್ ಕಣ್ಣನ್ನು ಅಣ್ಣನ ಕೈಯಿಂದ ನೆಲಕ್ಕೆ ಇಳಿಸಿದ.

"ಏನಿತ್ತು ಅಂತ ಕೇಳ್ದೆ." ದನಿ ಏರಿತು. "ಬ್ರೇಕು ಹೋಗ್ಲಿ. ಬ್ರೇಕು ಕಬ್ಬಿಣ, ಕಾಯುತ್ತೆ. ಸೊಕ್ಕು ಹೋಗ್ಲಿ, ನಾನೂ ಕೆಣಕಿದ್ದೆ. ಆದ್ರೆ ಒಂದು ತಿಂಗ್ಳು ನಾನು ನನ್ನ ಹೆಂಡ್ತಿ ಮುಖ ನೋಡಿಲ್ಲ ಕಣೋ. ಚೆಪೆ ಮನೆ ಮುಂದೆ ಹಾದು ಹೋಗಿಲ್ಲ. ಈ ಕೈ ಬಿಚ್ಚಿ ಡ್ರೆಸ್ಸಿಂಗ್ ಮಾಡುವಾಗ ಕೂಗ್ಲಿಲ್ಲ, ಯಾಕೆ ಅಂದ್ರೆ ಇದು ನನ್ಗೆ ಬರ್ಬೇಕಾದ್ದೇ ಅಂತ. ಕೂಗೋಕೂ ನನ್ಗೆ ಹಕ್ಕಿಲ್ಲ ಅಂತ ಮಾಡಿಬಿಟ್ಟೆಯಲ್ಲೋ ನೀನು."

ಅವನು ಎದ್ದು ಕಾಲಿಗೆ ಸಿಕ್ಕ ಬುಟ್ಟಿಯನ್ನು ಒದ್ದ. ಬನ್ನುಗಳು ಕಲ್ಲುಪುಡಿಯಲ್ಲಿ ಉರುಳಿದವು. ಪಕ್ಕದ ಮನೆಯ ನಾಯಿ ಬೊಗಳಿತು. ಬಾಗಿಲಲ್ಲಿ ನಿಂತ ಬಾಸಿಲಿಯಾ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಸ್ಪತ್ರೆಯಿಂದ ಬಂದಾಗಿನಿಂದ ಆ ಮನುಷ್ಯನ ದನಿ ಈ ಅಂಗಳ ದಾಟಿ ಹೊರಗೆ ಹೋಗಿರಲಿಲ್ಲ. ಉಪ್ಪು ಕೇಳಿದರೂ ಭಿಕ್ಷೆ ಕೇಳಿದ ಹಾಗೆ ಕೇಳುತ್ತಿದ್ದ. ಈಗ ಮೇಲಿನ ಕೇರಿಗೂ ಕೇಳುತ್ತಿತ್ತು.

ನಿಕಾನೋರ್ ತಲೆ ಬಗ್ಗಿಸಿ ಬೀದಿಯ ಬಾಗಿಲ ಕಡೆಗೆ ತಿರುಗಿದ.

"ಎಲ್ಲಿಗೆ ಹೊರಟೆ?" ತೊರಿಬಿಯೊ ಕೂಗಿದ. "ಹೇಳಿ ಹಗುರ ಮಾಡ್ಕೊಂಡು ಹೋಗೋಕೆ ಬಂದ್ಯಾ? ನಿಲ್ಲು ಅಲ್ಲೇ. ಪೂರ್ತಿ ಬೈಸ್ಕೊಂಡು ಹೋಗು."

ಅವನು ನಿಂತ. ಬೈಗುಳ ಅವನ ಗಾಡಿಯನ್ನು, ಹಾರನ್ನನ್ನು, ಅವನು ಬಿಟ್ಟ ಕುಡಿತವನ್ನು, ಹಿಡಿದ ಪ್ರಾರ್ಥನೆಯನ್ನು, ಅಪ್ಪ ಗಾಡಿ ಕಲಿಸಲು ಇವನನ್ನೇ ಆರಿಸಿಕೊಂಡದ್ದನ್ನು ಒಂದೊಂದಾಗಿ ಮುಟ್ಟಿ ಬಂದಿತು. ಕೆಲವು ನ್ಯಾಯವಾಗಿದ್ದವು, ಕೆಲವು ಅಲ್ಲ. ಎಲ್ಲಕ್ಕೂ ಅವನು ಒಂದೇ ಸಮನೆ ತಲೆಯಾಡಿಸಿದ. ಕಡೆಗೆ ತೊರಿಬಿಯೊ ಉಸಿರು ಸಾಲದೆ ಮಣೆಯ ಮೇಲೆ ಕುಸಿದು, ಗಾಯದ ಕೈಯನ್ನು ಎತ್ತಿ ಹಿಡಿದು ಏದುಸಿರು ಬಿಟ್ಟ. ಮುಖ ಕೆಂಪಗಾಗಿತ್ತು. ಕಣ್ಣು ಮಾತ್ರ ತಿಂಗಳ ಹಿಂದಿನ ತೊರಿಬಿಯೊನ ಕಣ್ಣು.

"ನಾಳೆ ಡ್ರೆಸ್ಸಿಂಗಿಗೆ ಹೋಗ್ಬೇಕು," ಎಂದ, ಬೇರೆ ಯಾರಿಗೋ ಹೇಳುವ ಹಾಗೆ. "ಚೆಪೆ ಅಳಿಯನ ಗಾಡೀಲಿ ಹೋಗ್ತೀನಿ. ನಿನ್ನ ಗಾಡೀಲಲ್ಲ. ಇನ್ನು ಯಾವತ್ತೂ ಅಲ್ಲ."

"ಆಯ್ತಣ್ಣ."

"ನೀನೂ ಬಾ."

ನಿಕಾನೋರ್ ತಲೆಯೆತ್ತಿದ.

"ನಾನು ಮುಂದೆ ಕೂರ್ತೀನಿ. ನೀನು ಹಿಂದೆ, ಜನದ ಜೊತೆ ನಿಂತ್ಕೊ. ಹಿಂದೆ ನಿಂತೋರಿಗೆ ಹೇಗಿರುತ್ತೆ, ನೋಡು."

ಮಾರನೆಯ ಬೆಳಿಗ್ಗೆ ಚೌಕದಲ್ಲಿ ಚೆಪೆಯ ಅಳಿಯನ ಪಿಕಪ್ಪು ತುಂಬುತ್ತಿತ್ತು. ಕ್ಯಾರೆಟ್ ಮೂಟೆಗಳು, ಅವುಗಳ ಮೇಲೆ ಬುಟ್ಟಿಗಳು, ಬುಟ್ಟಿಗಳ ನಡುವೆ ಹೆಂಗಸರು. ತೊರಿಬಿಯೊ ತಮ್ಮನ ಕಡೆ ನೋಡದೆ ಮುಂದೆ ಹತ್ತಿ ಬಾಗಿಲು ಹಾಕಿಕೊಂಡ. ನಿಕಾನೋರ್ ಚಕ್ರದ ಮೇಲೆ ಕಾಲಿಟ್ಟು ಹಿಂದಕ್ಕೆ ಹತ್ತಿದ. ತನ್ನ ಪ್ರಾಯದಲ್ಲಿ ಗಾಡಿ ಹಿಡಿದ ಮೇಲೆ ಅವನು ಹೀಗೆ ಹತ್ತಿದ್ದೇ ಇಲ್ಲ. ಹಿಡಿಯಲು ಎಲ್ಲಿ ಎಂದು ಹುಡುಕಬೇಕಾಯಿತು. ಮುಂದಿನ ಮೂಲೆಯಲ್ಲಿ ಒಂದು ಅಂಗೈ ಅಗಲದ ಕಬ್ಬಿಣ ಖಾಲಿಯಿತ್ತು.

"ಏನಣ್ಣ, ಡ್ರೈವರು ಇವತ್ತು ನಮ್ಮ ಜೊತೆ?" ಎಂದು ಪಕ್ಕದಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ ಹೆಂಗಸು ಕೇಳಿದಳು.

"ಅಣ್ಣ ಹೇಳಿದ."

"ಗಟ್ಟಿಯಾಗಿ ಹಿಡ್ಕೊಳ್ಳಿ. ಇವ್ನು ತಿರುವಲ್ಲಿ ಸ್ವಲ್ಪ ಜೋರು."

ಗಾಡಿ ಹೊರಟಿತು. ಚೌಕ ದಾಟಿ, ಕಡೆಯ ಮನೆ ದಾಟಿ, ರಸ್ತೆ ಒಮ್ಮೆಲೇ ಕಾಲಡಿಯಿಂದ ಜಾರಿದ ಹಾಗೆ ಕೆಳಗಿಳಿಯಿತು. ಅಲ್ಲಿಂದ ಡ್ರೈವರನ ಕಾಲು ಕಾಣುತ್ತಿರಲಿಲ್ಲ, ಪೆಡಲ್ ಎಷ್ಟು ಒಳಗೆ ಹೋಗುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಡ್ರೈವರನ ಬೆನ್ನ ಹಿಂದಿನ ಗಾಜಿನಲ್ಲಿ ಅಣ್ಣನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಸುತ್ತಲೂ ಎಲ್ಲರೂ ಮಾತಾಡುತ್ತಿದ್ದರು, ಈರುಳ್ಳಿಯ ಬೆಲೆ, ಯಾರದೋ ಮದುವೆ. ಯಾರೂ ರಸ್ತೆಯನ್ನು ನೋಡುತ್ತಿರಲಿಲ್ಲ. ನೋಡಲು ಇನ್ನೊಬ್ಬನಿದ್ದಾನೆ ಎಂದು ಅವನಿಗೆ ಬಿಟ್ಟುಬಿಟ್ಟಿದ್ದರು.

ಮೊದಲ ತಿರುವಿಗೆ ಗಾಡಿ ಓರೆಯಾದಾಗ ಬೆನ್ನಿನ ಮಗು ಎಚ್ಚರಗೊಂಡು ಕೈಚಾಚಿ ಅವನ ಅಂಗಿಯ ತೋಳನ್ನು ಹಿಡಿದುಕೊಂಡಿತು. ನಿಕಾನೋರ್ ಎರಡೂ ಕೈಯಿಂದ ಕಬ್ಬಿಣವನ್ನು ಬಿಗಿಯಾಗಿ ಹಿಡಿದು, ಗಾಳಿಗೆ ಮೂಗೊಡ್ಡಿ ಸುಟ್ಟ ಕೂದಲಿನಂಥ ವಾಸನೆ ಇದೆಯೇ ಎಂದು ನೋಡುತ್ತ ನಿಂತ.